ಜೋಳಿಗೆಗೆ ಎರಡನೆಯ ಸಲ



ಹಳ್ಳದ ಮೀನಿನ ಕಥೆಯನ್ನು ಈ ವಾರ ಮುಂದುವರಿಸುತ್ತೇನೆ ಎಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಇವತ್ತು ನಿಮಗೊಂದು ನಿಜ ಹೇಳುವುದಿದೆ. ಅದನ್ನು ಹೇಳದೆ ಈ ಪುಟದಲ್ಲಿ ಬೇರೆ ಯಾವ ಕಥೆ ಹೇಳಲಿಕ್ಕೂ ನನಗೆ ಬಾಯಿ ಬರುತ್ತಿಲ್ಲ.

ಆಗಸ್ಟ್ ತಿಂಗಳಲ್ಲಿ ಇದೇ ಪುಟದಲ್ಲಿ 'ನಾನು ಬೀಡಿ ಬಿಟ್ಟೆ' ಎಂದು ಬರೆದಿದ್ದೆ. ನಿಮ್ಮಲ್ಲಿ ಬಹಳ ಮಂದಿ ಪತ್ರ ಬರೆದು ಶಾಬಾಸ್ ಅಂದಿರಿ. ಸಿಂದಗಿ ಕಡೆಯ ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದು ಹಾಳೆಯ ತುಂಬ ಬರೆದಿದ್ದಳು: ನಿಮ್ಮ ಬರಹವನ್ನು ನಮ್ಮ ಮುತ್ಯಾಗ ಓದಿ ಹೇಳಿದೆ, ಎರಡು ದಿನದಿಂದ ಅವರೂ ಬೀಡಿ ಮುಟ್ಟಿಲ್ಲ, ನೀವೂ ಮುಟ್ಟಬ್ಯಾಡ್ರಿ ಎಂದು. ಆ ಪತ್ರ ನನ್ನ ಕೈಗೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಆಗ ನನ್ನ ಅಂಗಿಯ ಕಿಸೆಯಲ್ಲಿ ಬೀಡಿಯ ಕಟ್ಟು ಇತ್ತು.

ಹೌದು ಮಕ್ಕಳೇ, ನಾನು ಮತ್ತೆ ಬೀಡಿ ಹಚ್ಚಿದ್ದೆ.

ಮೊದಲಿನಿಂದ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಲಚ್ಯಾಣದಲ್ಲಿ ಬೀಡಿ ಸೇದುವುದನ್ನು ಯಾರೂ ಚಟ ಅನ್ನುತ್ತಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂತ ಹಿರಿಯರು, "ಏ ತಮ್ಮಾ, ಒಲ್ಯಾಗಿಂದ ಹಚ್ಚಿಕೊಂಡ ಬಾ" ಎಂದು ನಮ್ಮ ಕೈಗೆ ಬೀಡಿ ಕೊಡುತ್ತಿದ್ದರು. ಒಲೆಯ ಕೆಂಡಕ್ಕೆ ಹಿಡಿದು ಹಚ್ಚಬೇಕು, ಕಟ್ಟೆಯ ತನಕ ಆರದಂತೆ ತರಬೇಕು. ಆರಬಾರದು ಅಂದರೆ ನಡುದಾರಿಯಲ್ಲಿ ಒಂದು ಸಲ ಎಳೆಯಲೇಬೇಕು. ನನ್ನ ಮೊದಲ ದಮ್ಮು ಹಾಗೆ ಹಿರಿಯರ ಸೇವೆಯಲ್ಲೇ ಆಯಿತು. ನನಗೂ ನನ್ನ ಗೆಳೆಯನಿಗೂ ಆಗ 9 ವರ್ಷ. ಮುಂದೆ ಕಮರಿಮಠದ ಜಾತ್ರೆಯಲ್ಲಿ ಇಬ್ಬರೂ ಕೂಡಿ ನಮ್ಮದೇ ದುಡ್ಡಿನಲ್ಲಿ ಒಂದು ಕಟ್ಟು ಕೊಂಡೆವು. ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಳ್ಳಬೇಕಾದ ವಯಸ್ಸು.

ಮನೆಯಲ್ಲಿ ಸಣ್ಣ ಮಕ್ಕಳಿರುವ ಹಿರಿಯರಿಗೆ ಇಲ್ಲೇ ಒಂದು ಮಾತು. ಈಗ ಒಲೆಯ ಕೆಂಡ ಇಲ್ಲ, ಗ್ಯಾಸ್ ಬಂದಿದೆ. ಆದರೆ "ಓಡಿ ಹೋಗಿ ಒಂದ ಕಟ್ಟ ತೊಗೊಂಡ ಬಾ" ಎಂದು ಮೊಮ್ಮಕ್ಕಳನ್ನು ಅಂಗಡಿಗೆ ಕಳಿಸುವುದು ಇನ್ನೂ ನಿಂತಿಲ್ಲ. ಮಕ್ಕಳ ಕೈಗೆ ತಂಬಾಕು ಮಾರುವುದು 2003ರ ಕಾಯ್ದೆಯಂತೆ ಅಪರಾಧ. ಶಾಲೆಯಿಂದ 100 ಗಜದೊಳಗೆ ಅದನ್ನು ಯಾರಿಗೂ ಮಾರುವಂತಿಲ್ಲ. ಕಾಯ್ದೆ ಅಂಗಡಿಯವನಿಗೆ ಇದೆ. ಕಳಿಸುವ ನಮಗೆ ನಮ್ಮ ಮನಸ್ಸೇ ಕಾಯ್ದೆಯಾಗಬೇಕು.

ಈ ವರ್ಷ ಆಗಸ್ಟ್ 1ರಂದು ನನ್ನ ಮೊಮ್ಮಗಳ ಶಾಲೆಯಲ್ಲಿ ವ್ಯಸನಮುಕ್ತ ದಿನ ಆಚರಿಸಿದರು. ಆಕೆ ನಾಲ್ಕನೆಯ ತರಗತಿ. ಆ ದಿನಕ್ಕೆ ಆಗಸ್ಟ್ 1ನ್ನೇ ಏಕೆ ಆರಿಸಿದರು ಗೊತ್ತೇ? ಅದು ಇಳಕಲ್ಲ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಹುಟ್ಟಿದ ದಿನ. ಅವರು ಹುಟ್ಟಿದ್ದು 1930ರಲ್ಲಿ, ಲಿಂಗೈಕ್ಯರಾದದ್ದು 2018ರಲ್ಲಿ. ಇಳಕಲ್ಲು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆಗ ಅದೂ ನಮ್ಮ ವಿಜಾಪುರ ಜಿಲ್ಲೆಯೇ. ಜಂಗಮರು ಜೋಳಿಗೆ ಹಿಡಿದು ಬಂದರೆ ನಾವು ಜೋಳ, ಹಿಟ್ಟು ಹಾಕುತ್ತೇವಲ್ಲ, ಈ ಸ್ವಾಮಿಗಳು 1975ರಿಂದ ಬೇರೆಯೇ ಭಿಕ್ಷೆ ಬೇಡಿದರು. ಊರೂರು, ಓಣಿ ಓಣಿ ತಿರುಗಿ ಜೋಳಿಗೆ ಒಡ್ಡಿ, 'ನಿಮ್ಮ ದುಶ್ಚಟ ನನಗೆ ಹಾಕಿರಿ' ಎಂದರು. ಕುಡಿಯುವವರು ಕುಡಿತ ಬಿಡುವ ಮಾತು ಹಾಕಿದರು. ಬೀಡಿ, ಗುಟಕಾ, ತಂಬಾಕಿನ ಚೀಟು ಎಲ್ಲವೂ ಆ ಜೋಳಿಗೆಗೆ ಬಿದ್ದವು. ಅದಕ್ಕೆ ಜನ 'ಮಹಾಂತ ಜೋಳಿಗೆ' ಎಂದೇ ಹೆಸರಿಟ್ಟರು.

ಶಾಲೆಯಲ್ಲಿ ಇದನ್ನು ಕೇಳಿ ಬಂದ ಮೊಮ್ಮಗಳು ತನ್ನ ಅವ್ವನ ಹಳೆಯ ಸೀರೆಯ ತುಂಡೊಂದನ್ನು ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ನಿಂತಳು.

"ಮುತ್ಯಾ, ಹಾಕು."

"ಏನ ಹಾಕಲಿ ಯವ್ವಾ? ಶೇಂಗಾ ಬೇಕೇನು?"

"ಶೇಂಗಾ ಬ್ಯಾಡ. ಕಿಸೇದಾಗ ಏನದ ಅದನ್ನ ಹಾಕು."

ಹಾಕಿದೆ. ಬೀಡಿಯ ಕಟ್ಟು, ಕಡ್ಡಿಪೆಟ್ಟಿಗೆ ಎರಡೂ. ಆಕೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಮೇಲೆ ಹಸಿರು ಪೆನ್ನಿನಿಂದ ರೈಟ್ ಗುರುತು ಹಾಕಿದಳು. ದಿನಾ ಸಂಜೆ ಒಂದು ಗುರುತು. ನಾನು ಆಗ ನಿಮಗೆ ಬರೆದದ್ದು ಈ ಕಥೆಯನ್ನೇ.

ಮೊದಲ 3 ದಿನ ಬಲು ಕಷ್ಟವಾಯಿತು. ತಲೆ ಭಾರ, ಸಿಟ್ಟು, ರಾತ್ರಿ ನಿದ್ದೆ ಇಲ್ಲ. ಮಕ್ಕಳೇ, ಅದು ಏಕೆ ಹೀಗೆ ಅಂದರೆ, ತಂಬಾಕಿನಲ್ಲಿ ನಿಕೋಟಿನ್ ಎಂಬ ವಸ್ತುವಿದೆ. ಹೊಗೆ ಒಳಗೆಳೆದ ಸುಮಾರು 10 ಸೆಕೆಂಡಿನಲ್ಲಿ ಅದು ಮೆದುಳನ್ನು ಮುಟ್ಟುತ್ತದೆ. ದಿನಾ ಬರುವ ಬೀಗರಿಗೆ ಮನೆ ಒಗ್ಗಿಕೊಳ್ಳುವಂತೆ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದು ದಿನ ಬರಲಿಲ್ಲವೆಂದರೆ ಬಾಗಿಲಲ್ಲೇ ನಿಂತು ಹಾದಿ ನೋಡುತ್ತದೆ, ಚಡಪಡಿಸುತ್ತದೆ. ಈ ಚಡಪಡಿಕೆ ಮೊದಲ ವಾರದಲ್ಲಿ ಜೋರು. ಮೂರು ನಾಲ್ಕು ವಾರದಲ್ಲಿ ಬಹಳಷ್ಟು ಇಳಿಯುತ್ತದೆ. ನನಗೂ ಇಳಿಯಿತು. ಬಾಯಿಗೆ ರೊಟ್ಟಿಯ ರುಚಿ ತಿರುಗಿ ಬಂತು. ಮೊಮ್ಮಗಳ ತಮ್ಮ, ಇನ್ನೂ 3 ವರ್ಷದವನು, ಮೊದಲ ಸಲ ನನ್ನ ಎದೆಯ ಮೇಲೆ ಮಲಗಿ ನಿದ್ದೆ ಮಾಡಿದ. ಅದಕ್ಕೂ ಮುಂಚೆ ವಾಸನೆಗೆ ಮುಖ ತಿರುಗಿಸುತ್ತಿದ್ದ.

ಹೀಗೆ ಕ್ಯಾಲೆಂಡರಿನಲ್ಲಿ 47 ಗುರುತು ಬಿದ್ದವು. ನಾನು ಗೆದ್ದೆ ಅಂದುಕೊಂಡೆ.

ಸೆಪ್ಟೆಂಬರ್ 17ರಂದು ನನ್ನ ಆ ಗೆಳೆಯ ತೀರಿಕೊಂಡ. ಒಲೆಯ ಕೆಂಡದಿಂದ ಒಂದೇ ಬೀಡಿ ಹಚ್ಚಿ ತಂದವನು, ಒಂದೇ ಕಟ್ಟೆಯ ಮೇಲೆ ನನ್ನ ಸಂಗಡ 50 ವರ್ಷ ಕೂತವನು. ರಾತ್ರಿ ಅವನ ಮನೆಯ ಮುಂದೆ ಭಜನೆ ನಡೆದಿತ್ತು. ನಾವು ನಾಲ್ಕೈದು ಮುದುಕರು ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂತಿದ್ದೆವು. ಯಾರಿಗೂ ಮಾತಿಲ್ಲ. ಒಬ್ಬರು ಕಟ್ಟು ಬಿಚ್ಚಿ ಎಲ್ಲರಿಗೂ ಒಂದೊಂದು ಕೊಡುತ್ತ ಬಂದರು. ನನ್ನ ಮುಂದೆಯೂ ಬಂತು. ಬ್ಯಾಡ ಅನ್ನಬೇಕು ಎಂದು ಮನಸ್ಸು ಎಣಿಸುವುದರೊಳಗೆ ಕೈ ಹೋಗಿತ್ತು. ಮೊದಲ ದಮ್ಮಿಗೇ ಕೆಮ್ಮು ಬಂತು, ತಲೆ ಸುತ್ತಿತು. 'ಇವತ್ತೊಂದ ದಿನ, ಅವನ ಸಲುವಾಗಿ' ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಮುಂಜಾನೆ ಚಹಾ ಕುಡಿದ ಮೇಲೆ ಒಂದು. ಅದರ ಮರುದಿನ ಮೂರು. ಒಂದು ವಾರ ತುಂಬುವುದರೊಳಗೆ ಮೊದಲಿನಂತೆ ಒಂದು ಕಟ್ಟು. 47 ದಿನ ಕಟ್ಟಿದ ಒಡ್ಡು ಒಂದು ಕಡ್ಡಿಯ ಬೆಂಕಿಗೆ ಕಿತ್ತುಹೋಗಿತ್ತು.

ಅದಕ್ಕಿಂತ ದೊಡ್ಡ ತಪ್ಪನ್ನು ಇನ್ನೂ ಹೇಳಿಲ್ಲ. ಮನೆಯಲ್ಲಿ ನಾನು ಇದನ್ನು ಯಾರಿಗೂ ಹೇಳಲಿಲ್ಲ. ದನದ ಕೊಟ್ಟಿಗೆಯ ಹಿಂದೆ, ಕಣಕಿ ಬಣವಿಯ ಮರೆಯಲ್ಲಿ ನಿಂತು ಸೇದುತ್ತಿದ್ದೆ. ಒಣಗಿದ ಕಣಕಿಗೆ ಒಂದು ಕಿಡಿ ಬಿದ್ದರೆ ವರ್ಷದ ಮೇವು ಹೋಗಿ ಕೊಟ್ಟಿಗೆಯೂ ಹೋಗುತ್ತಿತ್ತು. ಅಷ್ಟು ಗೊತ್ತಿದ್ದ ಒಕ್ಕಲಿಗ ನಾನು. ಸೇದಿ ಬಂದು ಬಡೇಸೋಪು ಅಗಿಯುತ್ತಿದ್ದೆ. ಸಂಜೆ ಮೊಮ್ಮಗಳು ಹಸಿರು ಪೆನ್ನು ಹಿಡಿದು, "ಮುತ್ಯಾ, ರೈಟ್ ಹಾಕಲೇನು?" ಎಂದು ಕೇಳುವಳು. ನಾನು "ಹಾಕವ್ವಾ" ಅನ್ನುವೆ. ಆಕೆ ಹಾಕುವಳು.

ಅಕ್ಟೋಬರ್ 2ರಂದು ಶಾಲೆಯಿಂದ ಬಂದವಳು ಗಾಂಧೀಜಿಯ ಕಥೆ ಹೇಳಿದಳು. ಗಾಂಧೀಜಿ ಹುಡುಗರಿದ್ದಾಗ ಸಂಬಂಧಿಕ ಹುಡುಗನೊಬ್ಬನ ಸಂಗಡ ಕೂಡಿ, ಕಾಕಾ ಸೇದಿ ಬಿಸಾಡಿದ ತುಂಡುಗಳನ್ನು ಆರಿಸಿ ಸೇದುತ್ತಿದ್ದರಂತೆ. ತುಂಡು ಸಾಲದಾದಾಗ ಆಳಿನ ಕಿಸೆಯಿಂದ ಕಾಸು ಕದ್ದರಂತೆ. ಮುಂದೆ 15ನೆಯ ವರ್ಷದಲ್ಲಿ ಅಣ್ಣನ ಕೈಯ ಬಂಗಾರದ ಕಡಗದಿಂದ ಒಂದು ಚೂರು ಕದ್ದು, ಆ ಭಾರ ತಾಳಲಾರದೆ ಎಲ್ಲವನ್ನೂ ಚೀಟಿಯಲ್ಲಿ ಬರೆದು, ಹಾಸಿಗೆ ಹಿಡಿದಿದ್ದ ಅಪ್ಪನ ಕೈಗೆ ಕೊಟ್ಟರಂತೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಓದಿ ಕಣ್ಣೀರು ಹಾಕಿ ಚೀಟಿ ಹರಿದುಬಿಟ್ಟರು. ಇವೆಲ್ಲ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದ ಮಾತು. ಕಥೆ ಮುಗಿಸಿ ಮೊಮ್ಮಗಳು, "ಛಲೋ ಅದಲ ಮುತ್ಯಾ?" ಅಂದಳು. ನಾನು ಹೂಂ ಅಂದೆ. ಕಿಸೆಯಲ್ಲಿದ್ದ ಕಟ್ಟು ಕೆಂಡದಂತೆ ಸುಡುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ನಾಲ್ಕು ದಿನದ ಮೇಲೆ, ಚೆಂಡು ಹುಡುಕುತ್ತ ಆಕೆ ಬಣವಿಯ ಹಿಂದೆ ಬಂದಳು. ನಾನು ಬೀಡಿ ಹಿಡಿದು ನಿಂತಿದ್ದೆ. ಆಕೆ ಒಂದು ಮಾತೂ ಆಡಲಿಲ್ಲ. ಚೆಂಡನ್ನೂ ಎತ್ತಿಕೊಳ್ಳದೆ ತಿರುಗಿ ಹೋದಳು.

ಸಂಜೆ ಎಂದಿನಂತೆ ಕ್ಯಾಲೆಂಡರಿನ ಮುಂದೆ ನಿಂತಳು. "ಇವತ್ತ ಹಾಕಲೇನು?"

"ಬ್ಯಾಡವ್ವಾ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಯಾವತ್ತಿನಿಂದ ಬ್ಯಾಡ?"

ಬೆರಳು ಮಡಚಿ ಎಣಿಸಿದೆ. 19 ದಿನ. ಆಕೆ ಕೆಂಪು ಪೆನ್ನು ತಂದು, ಒಂದೊಂದೇ ತಾರೀಕಿಗೆ ಸುತ್ತು ಹಾಕುತ್ತ ಹೋದಳು. 19 ಕೆಂಪು ಸುತ್ತು. ಆ ಪೆನ್ನಿನ ಸಪ್ಪಳ ನನಗೆ ಈಗಲೂ ಕೇಳಿಸುತ್ತದೆ. ಆಮೇಲೆ ಎರಡು ದಿನ ನನ್ನ ಸಂಗಡ ಮಾತಾಡಲಿಲ್ಲ. ತರಗತಿಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, 'ನಮ್ಮ ಮುತ್ಯಾ ಬೀಡಿ ಬಿಟ್ಟಾನ' ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದಳಂತೆ. ಅದನ್ನು ಸೊಸೆ ಹೇಳಿದಳು. ನನಗೆ ಗೊತ್ತೇ ಇರಲಿಲ್ಲ.

ಮಗ ಮಾತ್ರ ಸುಮ್ಮನಿರಲಿಲ್ಲ. "ಇನ್ನ ಮ್ಯಾಲ ಈ ಮನ್ಯಾಗ ಬೀಡಿ ಕಂಡ್ರ ನೋಡಪ್ಪಾ" ಎಂದು ಕೂಗಾಡಿದ. ಅವನ ಮಾತು ಸರಿಯೇ ಇತ್ತು. ಆದರೆ ನಾನೇನು ಮಾಡಿದೆ ಗೊತ್ತೇ? ಸಿಟ್ಟಿನಿಂದ ಎದ್ದು ಸ್ಟೇಷನ್ ಕಡೆ ನಡೆದು, ಒಂದರ ಹಿಂದೆ ಒಂದರಂತೆ ಎರಡು ಬೀಡಿ ಸೇದಿ ಬಂದೆ. ಅಪ್ಪಣೆ ಮಾಡಿದರೆ ಮನಸ್ಸು ಹಟಕ್ಕೆ ಬೀಳುತ್ತದೆ.

ಇದಕ್ಕೆ ನಮ್ಮ ವಿಜಾಪುರದ್ದೇ ಒಂದು ಹಳೆಯ ಕಥೆ ಇದೆ, ಕೇಳಿರಿ. ತಂಬಾಕು ನಮ್ಮ ನಾಡಿನ ಬೆಳೆಯಲ್ಲ. ಅದರ ತವರು ಅಮೆರಿಕ ಖಂಡ. ಪೋರ್ಚುಗೀಸರು ಹಡಗಿನಲ್ಲಿ ತಂದರು. ಅವರಿಂದ ದಕ್ಖನಿಗೆ ಹಬ್ಬಿತು. ಸುಮಾರು 1604ರಲ್ಲಿ, ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಆಳುತ್ತಿದ್ದಾಗ, ದಿಲ್ಲಿ-ಆಗ್ರಾದ ಬಾದಶಹ ಅಕ್ಬರನ ದೂತ ಅಸದ್ ಬೇಗ್ ಎಂಬಾತ ಇಲ್ಲಿಗೆ ಬಂದ. ಅಕ್ಬರನ ಮಗ ದಾನಿಯಾಲನಿಗೂ ಇಬ್ರಾಹಿಮನ ಮಗಳಿಗೂ ನಿಶ್ಚಯವಾಗಿದ್ದ ಮದುವೆಯ ಕೆಲಸ ಅವನದು. ಇಲ್ಲಿ ಅವನು ತಂಬಾಕು ನೋಡಿದ. ಅಂಥದ್ದನ್ನು ಅವನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಹಿಂತಿರುಗುವಾಗ ಸಂಗಡ ಒಯ್ದು, ರತ್ನ ಕೂಡಿಸಿದ ಕೊಳವೆ ಮಾಡಿಸಿ ಅಕ್ಬರನ ಮುಂದಿಟ್ಟ. ಬಾದಶಹ ಒಂದೆರಡು ದಮ್ಮು ಎಳೆದ. ಹತ್ತಿರವಿದ್ದ ಹಕೀಮರು, 'ಇದು ಪರೀಕ್ಷೆಯಾಗದ ವಸ್ತು, ಬೇಡ' ಎಂದು ತಡೆದರು. ಅಕ್ಬರ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಆದರೆ ಅಸದ್ ಬೇಗ್ ಉಳಿದದ್ದನ್ನು ಸರದಾರರಿಗೆ ಹಂಚಿದ. ಎಲ್ಲರೂ ಬೇಕು ಬೇಕು ಅಂದರು. ವ್ಯಾಪಾರಿಗಳು ಮಾರತೊಡಗಿದರು. ಈ ಎಲ್ಲವನ್ನೂ ಅಸದ್ ಬೇಗ್ ತಾನೇ ಬರೆದಿಟ್ಟಿದ್ದಾನೆ.

ಅಕ್ಬರನ ಮಗ ಜಹಾಂಗೀರ 1617ರಲ್ಲಿ, ಇದರಿಂದ ಜನರ ಮೈ ಮನಸ್ಸು ಕೆಡುತ್ತಿವೆ, ಯಾರೂ ಸೇದಕೂಡದು ಎಂದು ಹುಕುಂ ಹೊರಡಿಸಿದ. ಇರಾನದ ಶಾಹ ಅಬ್ಬಾಸನೂ ತನ್ನ ರಾಜ್ಯದಲ್ಲಿ ಹಾಗೇ ನಿಷೇಧಿಸಿದ್ದ. ಮಜಾ ನೋಡಿರಿ, ಜಹಾಂಗೀರ ಇರಾನಕ್ಕೆ ಕಳಿಸಿದ ರಾಯಭಾರಿ ಖಾನ್ ಆಲಂನಿಗೆ ಒಂದು ಗಳಿಗೆಯೂ ತಂಬಾಕು ಇಲ್ಲದೆ ನಡೆಯುತ್ತಿರಲಿಲ್ಲ. ಕೊನೆಗೆ ಇರಾನದ ಶಾಹನೇ ಅವನಿಗೆ ವಿನಾಯಿತಿ ಕೊಡಬೇಕಾಯಿತು. ಇಬ್ಬರು ಬಾದಶಹರ ಹುಕುಂ ಒಬ್ಬನ ಬಾಯಿಯ ಕೊಳವೆ ಬಿಡಿಸಲಿಲ್ಲ!

ಬಾದಶಹರ ಕೈಯಲ್ಲಿ ಕತ್ತಿ ಇತ್ತು. ಇಳಕಲ್ಲ ಸ್ವಾಮಿಗಳ ಕೈಯಲ್ಲಿ ಒಂದು ಬಟ್ಟೆಯ ಜೋಳಿಗೆ. ಹುಕುಂ ಮುರಿದವನು ಅಪರಾಧಿಯಾಗುತ್ತಾನೆ, ಅಡಗುತ್ತಾನೆ. ನಾನೂ ಬಣವಿಯ ಹಿಂದೆ ಹಾಗೇ ಅಡಗಿದ್ದೆ. ಜೋಳಿಗೆಯ ರೀತಿ ಬೇರೆ. ಭಿಕ್ಷೆಯವರು ನಿನ್ನೆ ಏನು ಹಾಕಿದಿ ಎಂದು ಲೆಕ್ಕ ಕೇಳುವುದಿಲ್ಲ. ಇವತ್ತು ಮತ್ತೆ ಬಾಗಿಲಿಗೆ ಬರುತ್ತಾರೆ. ಮತ್ತೆ ಹಾಕಬಹುದು.

ಮೂರನೆಯ ದಿನ ಸಂಜೆ ನಾನೇ ಮೊಮ್ಮಗಳ ಹತ್ತಿರ ಹೋಗಿ ಕೂತೆ. ಆಕೆ ಗಣಿತ ಮಾಡುತ್ತಿದ್ದಳು.

"ಯವ್ವಾ, ಸೇದಿದ್ದೂ ತಪ್ಪು. ಅದಕಿಂತ ನಿನ್ನ ಕೈಲೆ ಸುಳ್ಳ ರೈಟ್ ಹಾಕಿಸಿದ್ದು ದೊಡ್ಡ ತಪ್ಪು. ನಿಮ್ಮ ಟೀಚರ್ ಕೇಳಿದ್ರ ಖರೇನ ಹೇಳು. ಬೇಕಾದ್ರ ನಾನ ಬಂದು ಹೇಳ್ತೀನಿ."

ಆಕೆ ತಲೆ ಎತ್ತಲಿಲ್ಲ. ನಾನೇ ಮುಂದುವರಿಸಿದೆ. "47 ದಿನಾನೂ ನೀರಾಗ ಹೋತು. ಮತ್ತ ಸೊನ್ನಿಯಿಂದ ಸುರು ಮಾಡಬೇಕು."

ಆಗ ತಲೆ ಎತ್ತಿದಳು. "ಯಾಕ ಹೋಗ್ತಾವ? ಆ 47 ದಿನ ನೀ ಸೇದಿಲ್ಲ ಹೌದಿಲ್ಲ?"

"ಸೇದಿಲ್ಲ."

"ಮತ್ತ? ಅದಕ್ಕ ನಾ ಕೆಂಪ ಹಾಕಿಲ್ಲ." ತನ್ನ ನೋಟಬುಕ್ಕು ತಿರುಗಿಸಿ ತೋರಿಸಿದಳು. ಮೇಲೆ ಒಂದು ಲೆಕ್ಕಕ್ಕೆ ಟೀಚರ್ ಕೆಂಪು ಗೀಟು ಎಳೆದಿದ್ದರು. ಕೆಳಗೆ ಅದೇ ಲೆಕ್ಕವನ್ನು ಆಕೆ ಮತ್ತೆ ಮಾಡುತ್ತಿದ್ದಳು. "ತಪ್ಪಿದ್ದ ಒಂದ ಮಾಡಿಕೊಂಡ ಬಾ ಅಂದಾರ. ಎಲ್ಲಾ ಅಳಿಸಿ ಮಾಡು ಅಂದಿಲ್ಲ."

ಮುದುಕನಾದ ನನಗೆ ಹೊಳೆಯದ ಮಾತು ಅದು. ಮತ್ತೆ ಬೀಡಿ ಹಚ್ಚಿದ ದಿನವೇ ನಾನು 'ಕೆಟ್ಟೆ, ಇನ್ನೇನು ಉಳಿಯಿತು' ಎಂದು ಕೈಚೆಲ್ಲಿದ್ದೆ. ಒಂದಾದ ಮೇಲೆ ಕಟ್ಟು ಸೇದಿದ್ದಕ್ಕೆ ಅದೇ ಕಾರಣ. ಒಂದು ಲೆಕ್ಕ ತಪ್ಪಿತೆಂದು ನೋಟಬುಕ್ಕನ್ನೇ ಒಲೆಗೆ ಹಾಕಿದಂತೆ.

"ಯಾವಾಗಿನಿಂದ ಬಿಡ್ತಿ?" ಎಂದಳು.

"ದೀಪಾವಳಿ ಪಾಡ್ಯದಿಂದ" ಎಂದೆ.

ಒಳಗಿನಿಂದ ನಮ್ಮ ಮನೆಯಾಕೆಯ ಧ್ವನಿ ಬಂತು: "ನಾಳೆ ಅಂದವನ ಮನಿ ಹಾಳಂತ!"

ಎಲ್ಲರೂ ನಕ್ಕೆವು. ಆ ಎರಡು ದಿನದಲ್ಲಿ ಮನೆಯಲ್ಲಿ ಕೇಳಿಬಂದ ಮೊದಲ ನಗು. ಮೊಮ್ಮಗಳು ಗೂಟಕ್ಕೆ ತೂಗುಬಿಟ್ಟಿದ್ದ ಜೋಳಿಗೆ ತಂದಳು. ಕಟ್ಟು, ಕಡ್ಡಿಪೆಟ್ಟಿಗೆ ಹಾಕಿದೆ. ಮರುದಿನ, ಅಕ್ಟೋಬರ್ 9ರಿಂದ, ಹೊಸ ಗುರುತುಗಳು ಸುರುವಾದವು.

ಈ ಸಲ ಬರೀ ಹಟದಿಂದ ಬಿಡಲಿಲ್ಲ. ಮೊದಲ ಸಲ ಎಡವಿದ್ದೆಲ್ಲಿ ಎಂದು ಕೂತು ಯೋಚಿಸಿದೆ. ಹೊಲದ ಹಾದಿಯಲ್ಲಿ ಒಂದು ಸಲ ತಗ್ಗಿಗೆ ಬಿದ್ದವನಿಗೆ ಆ ತಗ್ಗು ಎಲ್ಲಿದೆ ಎಂದು ಗೊತ್ತಿರುತ್ತದೆ. ಬಿದ್ದದ್ದರಿಂದ ಆಗುವ ಲಾಭ ಅದೊಂದೇ, ಅದನ್ನೂ ಬಿಡಬಾರದು. ನನ್ನ ತಗ್ಗುಗಳು ನಾಲ್ಕು: ಮುಂಜಾನೆಯ ಚಹಾ, ಊಟದ ನಂತರದ ಹೊತ್ತು, ಕಟ್ಟೆಯ ಮಂದಿ, ಮತ್ತು ದುಃಖ. ನಾಲ್ಕನೆಯದನ್ನು ನಾನು ಮೊದಲ ಸಲ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬೀಡಿ, ಸಿಗರೇಟಿನ ಪೊಟ್ಟಣದ ಮೇಲೆ ಅಚ್ಚಾಗಿರುವ 1800-11-2356 ಎಂಬ ನಂಬರನ್ನು ನೀವು ನೋಡಿರಬಹುದು. ನಾನು ಎಷ್ಟೋ ವರ್ಷ ನೋಡಿ ಬಿಸಾಡಿದ್ದೆ. ಈ ಸಲ ಫೋನ್ ಮಾಡಿದೆ. ಅದು ಸರಕಾರದ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ನನ್ನನ್ನು ಬೈಯಲಿಲ್ಲ. "ಅಜ್ಜಾರ, ಮೊದಲ ಸಲಕ್ಕೇ ಬಿಟ್ಟವರು ಕಡಿಮೆ. ಬಹಳ ಮಂದಿ ನಾಲ್ಕಾರು ಸಲ ಪ್ರಯತ್ನ ಮಾಡಿಯೇ ಬಿಟ್ಟಿರ್ತಾರೆ" ಎಂದಳು. ಯಾವ ಹೊತ್ತಿನಲ್ಲಿ ಆಸೆಯಾಗುತ್ತದೆ, ಆಗ ಏನು ಮಾಡುತ್ತೀರಿ ಎಂದು ಕೇಳಿ ತಿಳಿದುಕೊಂಡಳು. ಮುಂದೆ ತಾನೇ ಫೋನ್ ಮಾಡಿ ವಿಚಾರಿಸಿದಳು.

ಆಕೆ ಹೇಳಿದ್ದರಲ್ಲಿ ನನಗೆ ಬಹಳ ಉಪಯೋಗವಾದ ಮಾತು ಇದು. ಆಸೆ ಎದ್ದರೆ ಅದು ದಿನವಿಡೀ ಇರುವುದಿಲ್ಲ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಆ ಕೆಲವು ನಿಮಿಷ ದಾಟಿದರೆ ಸಾಕು. ಇಂಡಿ ತಾಲೂಕಿನವನಿಗೆ ಲಿಂಬಿಹಣ್ಣಿಗೆ ಬರವೇ? ನಮ್ಮ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕಿಸೆಯಲ್ಲಿ ಈಗ ಬೀಡಿಯ ಬದಲು ಲಿಂಬಿಹೋಳು, ಒಂದು ಚೀಟಿನಲ್ಲಿ ಉಪ್ಪು. ಆಸೆಯಾದಾಗ ಒಂದು ಹೋಳು ಚೀಪಿ, ಒಂದು ತಂಬಿಗೆ ನೀರು ಕುಡಿದು, ಸ್ಟೇಷನ್ ತನಕ ನಡೆದು ಬರುತ್ತೇನೆ. ಚಹಾವನ್ನು ಕಟ್ಟೆಯ ಮೇಲೆ ಕುಡಿಯುವುದು ಬಿಟ್ಟು ಅಡುಗೆಮನೆಯಲ್ಲಿ ಮನೆಯಾಕೆಯ ಎದುರು ಕೂತು ಕುಡಿಯುತ್ತೇನೆ. ಕಟ್ಟೆಯ ಗೆಳೆಯರಿಗೆ, "ನನಗ ಕೊಡಬ್ಯಾಡ್ರಪ್ಪಾ, ನಾ ಕೇಳಿದ್ರೂ ಕೊಡಬ್ಯಾಡ್ರಿ" ಎಂದು ಹೇಳಿಟ್ಟಿದ್ದೇನೆ.

ಇಷ್ಟರಿಂದ ಆಗದವರು ಡಾಕ್ಟರರನ್ನು ಕಾಣಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರ ಇರುತ್ತದೆ. ನಿಕೋಟಿನ್ ಚ್ಯೂಯಿಂಗ್ ಗಮ್ ಎಂಬುದಿದೆ. ಅದನ್ನು ಮಕ್ಕಳ ಗಮ್ಮಿನಂತೆ ಚಪ್ಪರಿಸುತ್ತ ಅಗಿಯಬಾರದು. ನಿಧಾನಕ್ಕೆ ನಾಲ್ಕು ಸಲ ಅಗಿದು, ಗಲ್ಲದ ಒಳಗೆ ಒತ್ತಿ ಇಟ್ಟುಕೊಳ್ಳಬೇಕು. ಹೃದಯದ ತೊಂದರೆ ಇದ್ದವರು ಡಾಕ್ಟರರನ್ನು ಕೇಳದೆ ತೆಗೆದುಕೊಳ್ಳಬೇಡಿರಿ. ಔಷಧ ತೆಗೆದುಕೊಂಡು ಬಿಟ್ಟರೆ ಅದು ಗಂಡಸುತನವಲ್ಲ ಎನ್ನುವವರೂ ಇದ್ದಾರೆ. ಜ್ವರಕ್ಕೆ ಗುಳಿಗೆ ತಿನ್ನುತ್ತೇವಲ್ಲ, ಇದೂ ಹಾಗೆಯೇ.

ಇನ್ನೊಂದು ಭ್ರಮೆ: 'ಸಿಗರೇಟು ಕೆಟ್ಟದ್ದು, ಬೀಡಿ ಅಂದ್ರ ಬರೀ ಎಲಿ, ಏನೂ ಮಾಡೂದಿಲ್ಲ.' ನಾನೂ ಇದನ್ನೇ ನಂಬಿದ್ದೆ. ನಿಜ ತಿರುವುಮುರುವಾಗಿದೆ. ಬೀಡಿಯ ಎಲೆಯೊಳಗಿಂದ ಗಾಳಿ ಆಡುವುದಿಲ್ಲ, ಅದಕ್ಕೇ ಅದು ಆರುತ್ತಿರುತ್ತದೆ. ಆರಬಾರದೆಂದು ನಾವು ಮತ್ತೆ ಮತ್ತೆ, ಜೋರಾಗಿ ಎಳೆಯುತ್ತೇವೆ. ಅಷ್ಟು ವಿಷ ಎದೆಯ ಆಳಕ್ಕಿಳಿಯುತ್ತದೆ. 'ಇಷ್ಟ ವಯಸ್ಸಾತು, ಈಗ ಬಿಟ್ಟು ಏನ ಉಪಯೋಗ' ಎನ್ನುವ ಮುತ್ಯಾಗಳಿಗೂ ಕೇಳಿಸಲಿ. ಬಿಟ್ಟ 20 ನಿಮಿಷದಲ್ಲೇ ಎದೆಯ ಬಡಿತ ಇಳಿಯತೊಡಗುತ್ತದೆ. ಒಂದೆರಡು ದಿನದಲ್ಲಿ ರಕ್ತದಲ್ಲಿದ್ದ ಹೊಗೆಯ ವಿಷಾನಿಲ ಹೋಗುತ್ತದೆ. ಒಂದು ವರ್ಷ ಬಿಟ್ಟರೆ, ಸೇದುವುದರಿಂದ ಹೆಚ್ಚಿದ್ದ ಹೃದಯರೋಗದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಮೈ ನಮ್ಮ ಮೇಲೆ ಹಗೆ ಸಾಧಿಸುವುದಿಲ್ಲ.

ಈಗ ಮಕ್ಕಳಿಗೆ. ನಿಮ್ಮ ಮುತ್ಯಾ, ಅಪ್ಪ, ಕಾಕಾ ಯಾರಾದರೂ ಬಿಟ್ಟು ಮತ್ತೆ ಸುರು ಮಾಡಿದ್ದರೆ ನಿಮಗೆ ಸಿಟ್ಟು ಬರುತ್ತದೆ. ಬರಲಿ, ಅದು ತಪ್ಪಲ್ಲ. ಆದರೆ ನಾಲ್ಕು ಮಂದಿಯ ಮುಂದೆ 'ಸುಳ್ಳ ಹೇಳ್ತಾನ' ಎಂದು ಚಾಡಿ ಹೇಳಬೇಡಿರಿ. ಅವರ ಕಟ್ಟು ಕದ್ದು ಬಿಸಾಡಬೇಡಿರಿ, ಅವರು ಇನ್ನೊಂದು ತರುತ್ತಾರೆ, ಇನ್ನೂ ಮರೆಗೆ ಹೋಗುತ್ತಾರೆ. ಒಬ್ಬರೇ ಇದ್ದಾಗ ಹತ್ತಿರ ಕೂತು, ನಿಮಗೆ ಬೇಸರವಾಗಿದೆ ಎಂದು ಹೇಳಿರಿ. ಅವರಿಗೆ ಕಷ್ಟದ ಹೊತ್ತು ಯಾವುದೆಂದು ಕೇಳಿರಿ. ಆ ಹೊತ್ತಿಗೆ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿರಿ, ಚೌಕಾಬಾರ ಆಡಲು ಕೂಡಿಸಿರಿ. ಇಷ್ಟು ಮಾಡಿಯೂ ಅವರು ಬಿಡದಿದ್ದರೆ ಅದು ನಿಮ್ಮ ತಪ್ಪಲ್ಲ. ಬಿಡುವ ಹೊಣೆ ದೊಡ್ಡವರದು.

ಇದನ್ನು ಬರೆಯುವ ಹೊತ್ತಿಗೆ 26 ಹಸಿರು ಗುರುತುಗಳಾಗಿವೆ. ಗೆದ್ದೆ ಎಂದು ಈ ಸಲ ಹೇಳುವುದಿಲ್ಲ. ನಿನ್ನೆ ಗೆಳೆಯನ ಮನೆಯ ಮುಂದೆ ಹಾದು ಬರುವಾಗ ಬೇವಿನ ಕೆಳಗೆ ಅವನ ಜಾಗ ಖಾಲಿ ಇತ್ತು. ಕೈ ತಾನೇ ಕಿಸೆಗೆ ಹೋಯಿತು. ಲಿಂಬಿಹೋಳು ಸಿಕ್ಕಿತು. ಅಲ್ಲೇ ನಿಂತು ಚೀಪಿದೆ, ಕಣ್ಣಲ್ಲಿ ನೀರು ಬಂತು. ಹುಳಿಗೋ, ಅವನ ನೆನಪಿಗೋ ತಿಳಿಯಲಿಲ್ಲ. ಸಂಜೆ ಗುರುತು ಹಾಕುವಾಗ ಮೊಮ್ಮಗಳು ಕೇಳಿದಳು, "ಖರೇನ ಹೌದಿಲ್ಲ ಮುತ್ಯಾ?" ಈಗ ಆಕೆ ದಿನಾ ಹಾಗೆ ಕೇಳುತ್ತಾಳೆ. ಮೊದಲು ಕೇಳುತ್ತಿರಲಿಲ್ಲ. ಆ ಒಂದು ಪ್ರಶ್ನೆ ನಾನು ಹೇಳಿದ ಸುಳ್ಳಿಗೆ ಕಟ್ಟುತ್ತಿರುವ ದಂಡ. ಕಟ್ಟುತ್ತೇನೆ. "ಖರೇನವ್ವಾ" ಎಂದು ಆಕೆಯ ಮುಖ ನೋಡಿ ಹೇಳುತ್ತೇನೆ.

ಸಿಂದಗಿ ಕಡೆಯ ಆ ಹುಡುಗಿಗೆ ನಾನು ಉತ್ತರ ಬರೆದಿಲ್ಲ. ಇದೇ ಉತ್ತರ ಅಂತ ತಿಳಿಯವ್ವಾ. ನಿಮ್ಮ ಮುತ್ಯಾ ಇನ್ನೂ ಬಿಟ್ಟೇ ಇದ್ದರೆ ಅವರು ನನಗಿಂತ ಗಟ್ಟಿಗರು, ಅವರಿಗೆ ನನ್ನ ಶರಣು ಹೇಳು. ಅವರೂ ನನ್ನಂತೆ ಮತ್ತೆ ಸುರು ಮಾಡಿದ್ದರೆ ಈ ಪುಟ ಓದಿ ಹೇಳು. ಜೋಳಿಗೆ ಗೂಟದ ಮೇಲೇ ಇದೆ, ಎರಡನೆಯ ಸಲವೂ ಹಾಕಬಹುದು, ಮೂರನೆಯ ಸಲವೂ ಹಾಕಬಹುದು.

ಮುಂದಿನ ವಾರ ತಪ್ಪದೆ ಹಳ್ಳದ ಮೀನಿನ ಕಥೆ.

ನಿಮ್ಮ,
ಲಚ್ಯಾಣದ ಮುತ್ಯಾ